ಒಂದು ಮೀಟರ್ ಕೋಲು, ಕಾಲು ಮೀಟರ್ ನೆರಳು

ತಂಗಿಯ ಮಗಳು ಹೊಸದುರ್ಗದಲ್ಲಿ ಪಿಯುಸಿ ಓದುತ್ತಿದ್ದಾಳೆ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಕಳೆದ ವರ್ಷ ಕಾಲೇಜು ಸೇರಿದ ಹೊಸತರಲ್ಲಿ ಒಂದು ರಾತ್ರಿ ಫೋನ್ ಮಾಡಿದಳು.

"ಮಾಮ, ಕಾಟ್ ನಲವತ್ತೈದು ಅಂದ್ರೆ ಒಂದು ಅಲ್ವಾ? ಫೋನಲ್ಲಿ ಹಾಕಿದ್ರೆ 0.617 ಬರ್ತೈತೆ. ಯಾವ್ದು ಸರಿ?"

ಫೋನಿನ ಕ್ಯಾಲ್ಕುಲೇಟರಿನಲ್ಲಿ ಕಾಟ್ ಎಂಬ ಗುಂಡಿಯೇ ಇರುವುದಿಲ್ಲ. ಮೊದಲು ಅವಳು ಟ್ಯಾನ್ ಮೇಲೆ ಮೈನಸ್ ಒಂದು ಬರೆದಿರುವ ಗುಂಡಿ ಒತ್ತಿದ್ದಾಳೆ. ಕಾಟ್ ಅಂದರೆ ಟ್ಯಾನ್‌ನ ವ್ಯುತ್ಕ್ರಮ, ಹಾಗಾಗಿ ಇದೇ ಇರಬೇಕು ಅಂದುಕೊಂಡು. ಬಂದದ್ದು 1.5486. ಆಮೇಲೆ ಟ್ಯಾನ್ 45 ಒತ್ತಿ, ಒಂದನ್ನು ಅದರಿಂದ ಭಾಗಿಸಿದ್ದಾಳೆ. ಬಂದದ್ದು 0.617. ಎರಡನೇ ಸಲ ದಾರಿ ಸರಿಯಾಗಿತ್ತು. ಯಂತ್ರದ ಉತ್ತರವೂ ಸರಿಯಾಗಿತ್ತು. ಆದರೆ ಫೋನು ಡಿಗ್ರಿಯಲ್ಲಿ ಇರಲಿಲ್ಲ, ರೇಡಿಯನ್ನಿನಲ್ಲಿತ್ತು. ಅವಳು ಕೇಳಿದ್ದು ಒಂದು ಕೋನ, ಯಂತ್ರ ತಿಳಿದುಕೊಂಡದ್ದು ಬೇರೊಂದು ಕೋನ.

"ಹಂಗಾದ್ರೆ ರೇಡಿಯನ್ ಅಂದ್ರೆ ಏನು?" ಎಂದು ಕೇಳಿದೆ. "180 ಡಿಗ್ರಿ ಅಂದ್ರೆ ಪೈ ರೇಡಿಯನ್" ಎಂದಳು. ಅದು ಪರಿವರ್ತನೆಯ ಸೂತ್ರ. ಒಂದು ಸೇರು ಎಷ್ಟು ಗ್ರಾಂ ಎಂದು ಗೊತ್ತಿದ್ದ ಮಾತ್ರಕ್ಕೆ ಸೇರು ಕಂಡಂತಾಗುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಉನ್ನತ ಕೋನ, ಅವನತ ಕೋನ, ಪಾರ್ಶ್ವಬಾಹು ಎಂದು ಕನ್ನಡದಲ್ಲಿ ಕಲಿತ ಮಕ್ಕಳಿಗೆ ಪಿಯುಸಿಯ ಮೊದಲ ತಿಂಗಳುಗಳಲ್ಲೇ ರೇಡಿಯನ್ ಎದುರಾಗುತ್ತದೆ, ಅದೂ ಇಂಗ್ಲಿಷಿನಲ್ಲಿ, ಒಂದೂವರೆ ಪುಟದಲ್ಲಿ. ಅವರಿಗೆ ಅದು ಡಿಗ್ರಿಯನ್ನು ಸುಮ್ಮನೆ ಕಷ್ಟ ಮಾಡಿದ ಹಾಗೆ ಕಾಣುತ್ತದೆ. ಅವಳ ಉತ್ತರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ನಮ್ಮ ಕಡೆಯ ಮಗುವಿಗೆ ರೇಡಿಯನ್ ತೋರಿಸಲು ಕಣ ಸಾಕು, ಕಾಟ್ ತೋರಿಸಲು ಬಿಸಿಲು ಸಾಕು. ಎರಡೂ ನಮ್ಮಲ್ಲಿ ಬೇಕಾದಷ್ಟಿವೆ.

ಕಣದಿಂದ ಶುರು ಮಾಡೋಣ. ನಡುವೆ ಮೇಟಿ ಕಂಬ. ಕಂಬಕ್ಕೆ ಕಟ್ಟಿದ ಹಗ್ಗದ ತುದಿಯಲ್ಲಿ ಎತ್ತು. ಹಗ್ಗ ಬಿಗಿಯಾಗಿದ್ದು ಎತ್ತು ಸುತ್ತುತ್ತಿದೆ. ಎತ್ತು ಎಷ್ಟು ತಿರುಗಿತು ಎಂದು ಹೇಳುವುದು ಹೇಗೆ? ಒಂದು ಸುತ್ತನ್ನು 360 ಪಾಲು ಮಾಡಿ ಇಷ್ಟು ಪಾಲು ಅನ್ನಬಹುದು, ಅದು ಡಿಗ್ರಿ. 360 ಎಂಬ ಸಂಖ್ಯೆ ಕಣದಲ್ಲೂ ಇಲ್ಲ, ಹಗ್ಗದಲ್ಲೂ ಇಲ್ಲ. ಹಳೆಯ ಬ್ಯಾಬಿಲೋನಿಯನ್ನರ ಅರವತ್ತರ ಲೆಕ್ಕದಿಂದ ಬಂದದ್ದು. ಇನ್ನೊಂದು ದಾರಿ ಇದೆ. ಎತ್ತು ನಡೆದ ದೂರವನ್ನು ಅದೇ ಹಗ್ಗದಿಂದ ಅಳೆಯುವುದು. ಎತ್ತು ಒಂದು ಹಗ್ಗದಷ್ಟು ದೂರ ನಡೆದರೆ ಅದು ತಿರುಗಿದ ಕೋನ ಒಂದು ರೇಡಿಯನ್. ಅರ್ಧ ಹಗ್ಗ ನಡೆದರೆ ಅರ್ಧ ರೇಡಿಯನ್. ಪೂರ್ತಿ ಒಂದು ಸುತ್ತಿಗೆ 6.28 ಹಗ್ಗ, ಅಂದರೆ ಎರಡು ಪೈ. ಹಗ್ಗ ಹತ್ತು ಅಡಿ ಇರಲಿ, ಇಪ್ಪತ್ತು ಅಡಿ ಇರಲಿ, ಲೆಕ್ಕ ಬದಲಾಗುವುದಿಲ್ಲ. ಹೊರಗಿನಿಂದ ಯಾವ ಅಳತೆಯನ್ನೂ ತರಬೇಕಾಗಿಲ್ಲ.

ಈಗ ಅವಳ 45ಕ್ಕೆ ಬನ್ನಿ. 45 ರೇಡಿಯನ್ ಎಂದರೆ ಎತ್ತು 45 ಹಗ್ಗದಷ್ಟು ದೂರ ನಡೆದಿದೆ. ಏಳು ಪೂರ್ತಿ ಸುತ್ತಿಗೆ 43.98 ಹಗ್ಗ ಮುಗಿಯಿತು. ಉಳಿದದ್ದು 1.02 ಹಗ್ಗ, ಡಿಗ್ರಿಯಲ್ಲಿ ಹೇಳುವುದಾದರೆ 58.3. ಫೋನು ಕೊಟ್ಟ 0.617 ಆ ಕೋನದ ಕಾಟ್. ಏಳು ಸುತ್ತು ಹಾಕಿದ ಎತ್ತನ್ನು ಅವಳು ಕಾಲು ಸುತ್ತಿನ ಅರ್ಧದಲ್ಲೇ ನಿಂತಿದೆ ಅಂದುಕೊಂಡಿದ್ದಳು.

ಇನ್ನು ಕಾಟ್. ಪುಸ್ತಕದಲ್ಲಿ ಇದರ ವ್ಯಾಖ್ಯೆ ಪಾರ್ಶ್ವಬಾಹು ಭಾಗಿಸು ಅಭಿಮುಖ ಬಾಹು. ಸರಿಯಾದ ಮಾತು, ಆದರೆ ಇದರಲ್ಲಿ ಬಿಸಿಲಿಲ್ಲ. ಬಯಲಿನಲ್ಲಿ ಒಂದು ಕೋಲು ನೆಟ್ಟಗೆ ನಿಲ್ಲಿಸಿ. ಸೂರ್ಯ ನೆಲದಿಂದ ಎಷ್ಟು ಮೇಲಿದ್ದಾನೋ ಅದು ಉನ್ನತ ಕೋನ. ನೆರಳಿನ ಉದ್ದವನ್ನು ಕೋಲಿನ ಎತ್ತರದಿಂದ ಭಾಗಿಸಿ. ಬರುವುದೇ ಆ ಕೋನದ ಕಾಟ್. ಕೋಲು ಒಂದು ಮೀಟರ್ ಇದ್ದರೆ ಭಾಗಿಸುವುದೂ ಬೇಡ, ನೆರಳೇ ಕಾಟ್.

ಇಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆಗೆ ಒಂದು ಭಾಗ್ಯವಿದೆ, ಅಲ್ಲಿಯವರೇ ಎಷ್ಟೋ ಜನ ಇದನ್ನು ಗಮನಿಸಿರಲಾರರು. ಊರಿನ ಅಕ್ಷಾಂಶ 14 ಡಿಗ್ರಿಗಿಂತ ಕೂದಲೆಳೆಯಷ್ಟು ಹೆಚ್ಚು. ಹಗಲು ರಾತ್ರಿ ಸಮವಾಗುವ ದಿನ, ಮಾರ್ಚ್ 20ರ ಸುಮಾರಿಗೆ, ನಡುಮಧ್ಯಾಹ್ನ ಅಲ್ಲಿ ಸೂರ್ಯನ ಉನ್ನತ ಕೋನ 76 ಡಿಗ್ರಿಗೆ ಹತ್ತಿರ, 1.326 ರೇಡಿಯನ್. ಅದರ ಕಾಟ್ 0.25. ಒಂದು ಮೀಟರ್ ಕೋಲಿಗೆ ಸರಿಯಾಗಿ ಕಾಲು ಮೀಟರ್ ನೆರಳು. ನಡುಮಧ್ಯಾಹ್ನ ಅಂದರೆ ಗಡಿಯಾರದ ಹನ್ನೆರಡಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 76ರ ಆಸುಪಾಸಿನಲ್ಲಿ. ಮಾರ್ಚಿನಲ್ಲಿ ಸೂರ್ಯ ನಮ್ಮ ನೆತ್ತಿಯ ಗೆರೆಗೆ ಬರುವಾಗ ಗಂಟೆ 12.33 ಆಗಿರುತ್ತದೆ.

ಪಂಚಾಂಗ ಗಣಿಸುವವರು ಈ ನೆರಳನ್ನು ಬಲ್ಲರು. ಹನ್ನೆರಡು ಅಂಗುಲದ ಶಂಕು ನೆಟ್ಟು, ವಿಷುವದ ದಿನ, ಅಂದರೆ ಹಗಲು ರಾತ್ರಿ ಸಮವಾಗುವ ದಿನ, ಮಧ್ಯಾಹ್ನ ಬೀಳುವ ನೆರಳನ್ನು ಪಲಭಾ ಎನ್ನುತ್ತಾರೆ. ಪ್ರತಿ ಊರಿಗೂ ಒಂದು ಪಲಭಾ. ಅದು ಗೊತ್ತಿದ್ದರೆ ಆ ಊರಿನ ಅಕ್ಷಾಂಶ ಗೊತ್ತು, ಹಗಲಿನ ಹೆಚ್ಚುಕಡಿಮೆ ಗೊತ್ತು, ಲಗ್ನದ ಲೆಕ್ಕ ಸಾಧ್ಯ. ಹೊಳಲ್ಕೆರೆಯ ಪಲಭಾ ಮೂರು ಅಂಗುಲ. ಚಿತ್ರದುರ್ಗದ್ದು ಮೂರಕ್ಕಿಂತ ತುಸು ಹೆಚ್ಚು. ಹನ್ನೆರಡರಿಂದ ಭಾಗಿಸಿದರೆ ಅದೇ ಕಾಟ್.

ಕನ್ನಡ ನೆಲಕ್ಕೆ ಈ ನೆರಳಿನ ಗಣಿತ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯ ಗಣಿತಸಾರ ಸಂಗ್ರಹ ಬರೆದ. ಅದರ ಕೊನೆಯ ಅಧ್ಯಾಯ ನೆರಳಿನದು, ಛಾಯಾವ್ಯವಹಾರ. 1150ರ ಲೀಲಾವತಿಯಲ್ಲಿ ಭಾಸ್ಕರಾಚಾರ್ಯನೂ ನೆರಳಿಗೆ ಒಂದು ಅಧ್ಯಾಯ ಕೊಟ್ಟಿದ್ದಾನೆ. ಅಲ್ಲಿ ಬಿಸಿಲಿನ ಜೊತೆಗೆ ದೀಪದ ನೆರಳೂ ಉಂಟು. ಶಾಲೆಯಲ್ಲಿ ನಾವು ದಿನಾ ಬಳಸುವ ತ್ರಿಜ್ಯ ಎಂಬ ಪದವನ್ನೇ ಬಿಡಿಸಿ ನೋಡಿ. ಜ್ಯಾ ಎಂದರೆ ಬಿಲ್ಲಿನ ಹೆದೆ. ಗಣಿತದಲ್ಲಿ ಅದು ಇಂದಿನ ಸೈನ್. ಮೂರು ರಾಶಿ ಎಂದರೆ 90 ಡಿಗ್ರಿ. ಮೂರು ರಾಶಿಯ ಜ್ಯಾ ವೃತ್ತದ ನಡುವಿನಿಂದ ಅಂಚಿನವರೆಗಿನ ಉದ್ದಕ್ಕೆ ಸಮ, ಅದಕ್ಕೇ ಅದು ತ್ರಿಜ್ಯ. ತ್ರಿಕೋನಮಿತಿ ಹೊರಗಿನ ವಿದ್ಯೆ ಎಂದು ಹೆದರುವ ಮಗು ಏಳನೇ ತರಗತಿಯಿಂದಲೇ ಅದರ ಹೆಸರು ಹೇಳುತ್ತಾ ಬಂದಿರುತ್ತದೆ.

ರೇಡಿಯನ್ನಿನ ವಿಚಾರವೂ ಹಾಗೆಯೇ. ಆರ್ಯಭಟ ತನ್ನ ಜ್ಯಾ ಕೋಷ್ಟಕಕ್ಕೆ ಇಟ್ಟುಕೊಂಡ ತ್ರಿಜ್ಯ 3438. ಯಾಕೆ ಈ ವಿಚಿತ್ರ ಸಂಖ್ಯೆ? ವೃತ್ತದ ಪೂರ್ತಿ ಸುತ್ತು 21,600 ಕಲೆ, ಅಂದರೆ ಮಿನಿಟು. ಅದನ್ನು ಎರಡು ಪೈಯಿಂದ ಭಾಗಿಸಿ ನೋಡಿ, 3437.7 ಬರುತ್ತದೆ. ಸುತ್ತನ್ನೂ ತ್ರಿಜ್ಯವನ್ನೂ ಒಂದೇ ಅಳತೆಯಲ್ಲಿ ಅಳೆದ ಹಾಗಾಯಿತು. ಕಣದಲ್ಲಿ ಎತ್ತಿನ ನಡಿಗೆಯನ್ನು ಹಗ್ಗದಿಂದ ಅಳೆದದ್ದಕ್ಕೂ ಇದಕ್ಕೂ ವ್ಯತ್ಯಾಸ ಬಹಳ ಕಡಿಮೆ. ರೇಡಿಯನ್ ಎಂಬ ಹೆಸರು ಅಚ್ಚಾದದ್ದು ತೀರಾ ಈಚೆಗೆ, 1873ರಲ್ಲಿ, ಜೇಮ್ಸ್ ಥಾಮ್ಸನ್ ಬೆಲ್‌ಫಾಸ್ಟಿನಲ್ಲಿ ಕೊಟ್ಟ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ. ಕಾಟ್‌ನ ಪೂರ್ತಿ ಹೆಸರಾದ ಕೋಟ್ಯಾಂಜೆಂಟ್ ಎಡ್ಮಂಡ್ ಗುಂಟರ್‌ನದು, 1620ರದು. ಅದರ ಮೊದಲಿನ "ಕೋ" ಪೂರಕ ಕೋನವನ್ನು ಹೇಳುತ್ತದೆ. ಸಂಸ್ಕೃತ ಗಣಿತದಲ್ಲಿಯೂ ಪೂರಕ ಕಂಸಕ್ಕೆ ಕೋಟಿ ಎಂದೇ ಹೆಸರು. ಎರಡರ ಮೂಲ ಬೇರೆ ಬೇರೆ, ಆದರೂ ನೆನಪಿಟ್ಟುಕೊಳ್ಳಲು ನಮ್ಮ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೊಂಡಿ ಸಿಗದು.

ಅರಬ್ ಖಗೋಳ ಪಂಡಿತರೂ ಸೂರ್ಯನ ಎತ್ತರಕ್ಕೆ ತಕ್ಕ ನೆರಳಿನ ಕೋಷ್ಟಕಗಳನ್ನು ಮಾಡಿಟ್ಟಿದ್ದರು. ಅವೂ ಕಾಟ್ ಕೋಷ್ಟಕಗಳೇ. ಆ ಲೆಕ್ಕ ಇವತ್ತೂ ನಮ್ಮ ಊರುಗಳಲ್ಲಿ ದಿನಾ ಸಂಜೆ ಜೀವಂತವಾಗಿದೆ. ಅಸರ್ ನಮಾಜಿನ ಹೊತ್ತು ಗೊತ್ತಾಗುವುದು ನೆರಳಿನಿಂದ. ಹನಫಿ ಪದ್ಧತಿಯಲ್ಲಿ ವಸ್ತುವಿನ ನೆರಳು ಅದರ ಎತ್ತರದ ಎರಡರಷ್ಟಾಗಬೇಕು, ಮೇಲೆ ಮಧ್ಯಾಹ್ನದ ನೆರಳಿನಷ್ಟು ಸೇರಬೇಕು. ಭಟ್ಕಳದ ಕಡೆ ನಡೆಯುವ ಶಾಫಿ ಪದ್ಧತಿಯಲ್ಲಿ ಎತ್ತರದ ಒಂದರಷ್ಟು ಸಾಕು, ಮೇಲೆ ಅದೇ ಮಧ್ಯಾಹ್ನದ ನೆರಳು. ಮಾರ್ಚ್ 20ರಂದು ಹೊಳಲ್ಕೆರೆಯಲ್ಲಿ ಮಧ್ಯಾಹ್ನದ ನೆರಳು 0.25. ಹನಫಿ ಲೆಕ್ಕದಲ್ಲಿ 2.25 ಆಗಬೇಕು. ಕಾಟ್ 2.25 ಇರುವ ಕೋನ 0.418 ರೇಡಿಯನ್. ಸೂರ್ಯ ಅಷ್ಟು ಕೆಳಗಿಳಿಯುವ ಹೊತ್ತಿಗೆ ಐದಕ್ಕೆ ಐದಾರು ನಿಮಿಷ ಇರುತ್ತದೆ. ಮಸೀದಿಯ ಗೋಡೆಯ ಮೇಲೆ ತೂಗುಹಾಕಿದ ವೇಳಾಪಟ್ಟಿಯ ಆ ಒಂದು ಸಾಲು ವರ್ಷದುದ್ದಕ್ಕೂ ಕಾಟ್‌ನ ಬೆನ್ನು ಹಿಡಿದು ನಡೆಯುತ್ತದೆ.

ಬಿಸಿಲು ಬಿಟ್ಟು ನೀರಿನ ಕಡೆ ಬಂದರೂ ಕಾಟ್ ಎದುರಾಗುತ್ತದೆ. ನಮ್ಮದು ಕೆರೆಗಳ ಸೀಮೆ. ಮಣ್ಣಿನ ಏರಿ ಕಟ್ಟುವಾಗ ಎಂಜಿನಿಯರು ಇಳಿಜಾರನ್ನು ಡಿಗ್ರಿಯಲ್ಲಿ ಹೇಳುವುದಿಲ್ಲ. "ಒಂದಕ್ಕೆ ಎರಡು" ಎನ್ನುತ್ತಾರೆ. ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಅಗಲ. ಆ ಎರಡು ಎಂಬುದು ಇಳಿಜಾರಿನ ಕೋನದ ಕಾಟ್, ಕೋನ 0.464 ರೇಡಿಯನ್. ಟ್ಯಾನ್ ಬಿಟ್ಟು ಕಾಟ್ ಯಾಕೆ ಹಿಡಿದರು? ನೀರು ಎಷ್ಟು ಎತ್ತರ ನಿಲ್ಲಬೇಕು ಎಂಬುದು ಮೊದಲೇ ಗೊತ್ತಿರುತ್ತದೆ, ಗೊತ್ತಾಗಬೇಕಾದದ್ದು ಏರಿಯ ಬುಡ ಎಷ್ಟು ನೆಲ ತಿನ್ನುತ್ತದೆ ಎಂಬುದು. ಎತ್ತರವನ್ನು ಕಾಟ್‌ನಿಂದ ಗುಣಿಸಿದರೆ ಆಯಿತು. ಹತ್ತು ಮೀಟರ್ ಎತ್ತರದ ಏರಿ, ಮೇಲೆ ಬಂಡಿ ಹೋಗುವಷ್ಟು ಮೂರು ಮೀಟರ್ ಅಗಲ, ಎರಡೂ ಕಡೆ ಒಂದಕ್ಕೆ ಎರಡು ಎಂದರೆ ಬುಡದ ಅಗಲ 43 ಮೀಟರ್. ನೀರಿನ ಕಡೆ ಮಣ್ಣು ನೆನೆದು ಜಾರೀತು ಎಂದು ಅಲ್ಲಿ ಮಾತ್ರ ಒಂದಕ್ಕೆ ಎರಡೂವರೆ ಮಾಡಿದರೆ 48 ಆಗುತ್ತದೆ. ಕಾಟ್ ಅರ್ಧ ಹೆಚ್ಚಿದ್ದಕ್ಕೆ ಏರಿಯ ಉದ್ದಕ್ಕೂ ಐದು ಮೀಟರ್ ನೆಲ ಹೋಯಿತು. ಹಿರಿಯೂರಿನ ಹತ್ತಿರದ ಮಾರಿಕಣಿವೆ ಅಣೆಕಟ್ಟಿಗೆ ಈ ಲೆಕ್ಕ ಹೊಂದುವುದಿಲ್ಲ. 1907ರಲ್ಲಿ ಮುಗಿದು, 1933ರಲ್ಲಿ ಒಮ್ಮೆ ತುಂಬಿ, ಮತ್ತೆ ಕೋಡಿ ಬೀಳಲು 2022ರವರೆಗೆ ಕಾದ ಆ ವಾಣಿವಿಲಾಸ ಸಾಗರ ಗುಡ್ಡಗಳ ನಡುವೆ ಎದ್ದ ಕಲ್ಲಿನ ಕಟ್ಟಡ. ತನ್ನ ತೂಕದಿಂದಲೇ ನೀರನ್ನು ತಡೆದು ನಿಂತಿದೆ.

ಇಷ್ಟರವರೆಗೂ ಡಿಗ್ರಿ ಇಟ್ಟುಕೊಂಡೇ ಕೆಲಸ ನಡೆಯುತ್ತಿತ್ತಲ್ಲ, ರೇಡಿಯನ್ ಯಾಕೆ ಬೇಕಿತ್ತು ಎಂದು ಓದುಗರು ಕೇಳಬಹುದು. ತಂಗಿಯ ಮಗಳು ಕೂಡ ಕೇಳಿದಳು. ಉತ್ತರ ಗುಡ್ಡದ ಮೇಲಿದೆ.

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಬರುವಾಗ ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳು ಕಾಣುತ್ತವೆ. ಗಾಡಿ ನಿಲ್ಲಿಸಿ, ಒಂದು ಸ್ಕೇಲನ್ನು ಕಣ್ಣಿನಿಂದ 60 ಸೆಂಟಿಮೀಟರ್ ದೂರ, ಅಂದರೆ ತೋಳು ಚಾಚಿ ಹಿಡಿಯಿರಿ. ಫ್ಯಾನಿನ ಬುಡದಿಂದ ಮೇಲೆ ನಿಂತ ರೆಕ್ಕೆಯ ತುದಿಯವರೆಗೆ ಸ್ಕೇಲಿನ ಮೇಲೆ 1.8 ಸೆಂಟಿಮೀಟರ್ ಬಂತು ಎಂದುಕೊಳ್ಳಿ. 1.8 ಭಾಗಿಸು 60, ಅಂದರೆ 0.03. ಅದೇ ರೇಡಿಯನ್ನಿನಲ್ಲಿ ಕೋನ. ಫ್ಯಾನಿನ ಒಟ್ಟು ಎತ್ತರ 120 ಮೀಟರ್ ಎಂದಿಟ್ಟುಕೊಂಡರೆ ದೂರ ಎಷ್ಟು? 120ನ್ನು 0.03ರಿಂದ ಭಾಗಿಸಿ, ನಾಲ್ಕು ಸಾವಿರ ಮೀಟರ್. ಕೋಷ್ಟಕ ನೋಡಿ ಕಾಟ್ 0.03 ಹಿಡಿದು ಗುಣಿಸಿದರೆ 3,999 ಮೀಟರ್ ಬರುತ್ತದೆ. ನಾಲ್ಕು ಕಿಲೋಮೀಟರಿಗೆ ಒಂದು ಮೀಟರಿನ ವ್ಯತ್ಯಾಸ!

ಕೋನ ಚಿಕ್ಕದಿದ್ದಾಗ ಅದರ ಕಾಟ್ ಎಂದರೆ ಒಂದನ್ನು ಆ ಕೋನದಿಂದ ಭಾಗಿಸಿದ್ದು, ಅಷ್ಟೇ. ಕಾಟ್ 0.1 ಎಷ್ಟು? ಹತ್ತು ಎನ್ನಿ, ನಿಜವಾದದ್ದು 9.967. ಕೋನ ಸ್ವಲ್ಪ ದೊಡ್ಡದಾದರೆ, ಬಂದ ಉತ್ತರದಿಂದ ಕೋನದ ಮೂರನೇ ಒಂದು ಭಾಗ ಕಳೆಯಿರಿ. ಕಾಟ್ 0.5ಕ್ಕೆ ಮೊದಲ ಉತ್ತರ ಎರಡು, ಅದರಿಂದ 0.167 ಕಳೆದರೆ 1.833, ನಿಜವಾದದ್ದು 1.830. ಬಾಯಿಲೆಕ್ಕದಲ್ಲಿ ಮುಗಿಯಿತು. ಡಿಗ್ರಿಯಲ್ಲಿ ಇದನ್ನು ಮಾಡಿ ನೋಡಿ. 0.03 ರೇಡಿಯನ್ ಎಂದರೆ 1.72 ಡಿಗ್ರಿ. ಒಂದನ್ನು ಅದರಿಂದ ಭಾಗಿಸಿದರೆ 0.58 ಬರುತ್ತದೆ, ಅದಕ್ಕೂ ಫ್ಯಾನಿಗೂ ಸಂಬಂಧವೇ ಇಲ್ಲ. ಮತ್ತೆ 57.3ರಿಂದ ಗುಣಿಸಿ ಸರಿಮಾಡಬೇಕು. ಆ 57.3 ಎಲ್ಲಿಂದ ಬಂತು? ಒಂದು ರೇಡಿಯನ್ನಿನಲ್ಲಿರುವ ಡಿಗ್ರಿಗಳು. ಡಿಗ್ರಿ ಹಿಡಿದವರು ಹೆಜ್ಜೆಹೆಜ್ಜೆಗೂ ಆ ತೆರಿಗೆ ಕಟ್ಟುತ್ತಾ ಹೋಗಬೇಕು. ಮುಂದೆ ಕಲನಶಾಸ್ತ್ರ ಓದುವಾಗ ರೇಡಿಯನ್ ಬಿಟ್ಟು ಬೇರೆ ಅಳತೆಯೇ ಬಾರದಿರುವುದಕ್ಕೆ ಕಾರಣ ಇದು. ಇದನ್ನು ಮೊದಲ ದಿನವೇ ಮಕ್ಕಳಿಗೆ ಯಾಕೆ ತೋರಿಸುವುದಿಲ್ಲ ಎಂಬುದು ನನಗೆ ನಿಜವಾಗಿಯೂ ನೋವಿನ ವಿಷಯ.

ಮೈನಸ್ ಚಿಹ್ನೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಕೋನ ಪೈನ ಅರ್ಧ ದಾಟಿದರೆ, ಅಂದರೆ 1.571 ದಾಟಿದರೆ, ಕಾಟ್ ಋಣವಾಗುತ್ತದೆ ಎಂದು ಪುಸ್ತಕದ ನಕ್ಷೆ ಹೇಳುತ್ತದೆ. ನೆರಳು ಮೈನಸ್ ಆಗುವುದುಂಟೇ? ನಮ್ಮ ಜಿಲ್ಲೆಯಲ್ಲಿ ಉಂಟು. ಮಧ್ಯಾಹ್ನದ ಸೂರ್ಯನ ಕೋನವನ್ನು ಯಾವಾಗಲೂ ದಕ್ಷಿಣದ ದಿಗಂತದಿಂದಲೇ ಅಳೆಯುತ್ತೇವೆ ಎಂದಿಟ್ಟುಕೊಳ್ಳಿ. ಡಿಸೆಂಬರ್ 21ರ ಸುಮಾರಿಗೆ ಹೊಳಲ್ಕೆರೆಯಲ್ಲಿ ಅದು 0.917 ರೇಡಿಯನ್, ಮೀಟರ್ ಕೋಲಿಗೆ ಉತ್ತರಕ್ಕೆ 77 ಸೆಂಟಿಮೀಟರ್ ನೆರಳು. ಮಾರ್ಚಿನಲ್ಲಿ 25 ಸೆಂಟಿಮೀಟರ್. ಏಪ್ರಿಲ್ 28ರ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಕೋನ ಪೈನ ಅರ್ಧ, ಕಾಟ್ ಸೊನ್ನೆ, ನೆರಳೇ ಇಲ್ಲ. ಆಮೇಲೆ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ನೆರಳು ದಕ್ಷಿಣಕ್ಕೆ ಹೊರಳುತ್ತದೆ. ಜೂನ್ 21ರ ಹೊತ್ತಿಗೆ ಕೋನ 1.735, ಕಾಟ್ ಮೈನಸ್ 0.166. ಹದಿನಾರೂವರೆ ಸೆಂಟಿಮೀಟರ್, ಆದರೆ ದಕ್ಷಿಣಕ್ಕೆ. ಆಗಸ್ಟ್ 14ರ ಸುಮಾರಿಗೆ ಮತ್ತೆ ಸೊನ್ನೆ, ಮತ್ತೆ ಉತ್ತರ. ದೆಹಲಿಯ ಮಗುವಿಗೆ ಈ ಮೈನಸ್ ಕಾಣುವುದಿಲ್ಲ, ಅಲ್ಲಿ ಸೂರ್ಯ ಎಂದೂ ನೆತ್ತಿ ದಾಟುವುದಿಲ್ಲ. ನಮ್ಮ ಶಾಲೆಯ ಬಾವುಟದ ಕಂಬದ ಬುಡದಲ್ಲಿ ಪ್ರತಿ ವರ್ಷ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ಅದು ಬಂದು ಬೀಳುತ್ತದೆ.

ನಮ್ಮ ಜಿಲ್ಲೆಯ ನಾಲ್ಕು ಊರುಗಳ ಮಾರ್ಚಿನ ನೆರಳು ಲೆಕ್ಕ ಹಾಕಿದೆ. ಮೀಟರ್ ಕೋಲಿಗೆ ಚಿತ್ರದುರ್ಗ 25.4, ಹೊಳಲ್ಕೆರೆ 25, ಹಿರಿಯೂರು 24.8, ಹೊಸದುರ್ಗ 24.6 ಸೆಂಟಿಮೀಟರ್. ಇಡೀ ಜಿಲ್ಲೆಯ ಅರ್ಧಭಾಗ ಒಂದು ಸೆಂಟಿಮೀಟರಿನೊಳಗೆ ಕೂತಿದೆ. ಆದರೂ ಆ ಒಂದು ಸೆಂಟಿಮೀಟರಿನೊಳಗೆ ಭೂಮಿಯ ಗಾತ್ರ ಅಡಗಿದೆ. ಚಿತ್ರದುರ್ಗದಿಂದ ಹೊಸದುರ್ಗ ನೇರ ದಕ್ಷಿಣಕ್ಕೆ ಅಳೆದರೆ ಸುಮಾರು 48 ಕಿಲೋಮೀಟರ್. ಕಣದ ಲೆಕ್ಕವನ್ನೇ ತಿರುಗಿಸಿ ಹಾಕಿದರೆ ಆಯಿತು: ನಡೆದ ದೂರವನ್ನು ರೇಡಿಯನ್ನಿನಿಂದ ಭಾಗಿಸಿದರೆ ಹಗ್ಗದ ಉದ್ದ. ಇಲ್ಲಿ ಹಗ್ಗ ಎಂದರೆ ಭೂಮಿಯ ತ್ರಿಜ್ಯ.

ಈ ಮಾರ್ಚ್ 20ರಂದು ಮಾಡಿಯೇ ನೋಡಿದೆವು. ನಾನು ಚಿತ್ರದುರ್ಗದಲ್ಲಿ ನಮ್ಮ ತಾರಸಿಯ ಮೇಲೆ, ಅವಳು ಹೊಸದುರ್ಗದಲ್ಲಿ ಮನೆಯಂಗಳದಲ್ಲಿ. ತೂಗುಗುಂಡು ಕಟ್ಟಿ ಕೋಲು ನೆಟ್ಟಗೆ ಮಾಡಿಕೊಂಡೆವು. ಮೊದಲ ತೊಂದರೆ ಅಲ್ಲೇ ಎದುರಾಯಿತು. ನೆರಳಿನ ತುದಿ ಗೆರೆ ಎಳೆದ ಹಾಗೆ ಇರುವುದಿಲ್ಲ, ಮಸುಕಾಗಿ ಕರಗುತ್ತದೆ. ಸೂರ್ಯ ಚುಕ್ಕಿಯಲ್ಲ, ತಟ್ಟೆ. ಆ ಮಸುಕೇ ಸುಮಾರು ಒಂದು ಸೆಂಟಿಮೀಟರ್ ಅಗಲ. ನಾವು ಹುಡುಕುತ್ತಿದ್ದ ವ್ಯತ್ಯಾಸವನ್ನು ಅದೊಂದೇ ನುಂಗುವಂತಿತ್ತು. ಕೊನೆಗೆ ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ ಕೋಲಿನ ತಲೆಗೆ ಅಂಟಿಸಿದೆವು. ರಟ್ಟಿನ ನೆರಳಿನ ನಡುವೆ ಸೂರ್ಯನ ಪುಟ್ಟ ಬೆಳಕಿನ ಬಿಲ್ಲೆ ಬಿತ್ತು. ಅದರ ನಡುವಿಗೆ ಪೆನ್ಸಿಲ್ ಇಟ್ಟೆವು. ಹನ್ನೆರಡೂಕಾಲರಿಂದ ಎರಡು ನಿಮಿಷಕ್ಕೊಮ್ಮೆ ಗುರುತು ಹಾಕುತ್ತಾ ಹೋಗಿ, ಎಲ್ಲಕ್ಕಿಂತ ಗಿಡ್ಡ ನೆರಳನ್ನು ಹಿಡಿದೆವು.

ನನಗೆ 25.4, ಅವಳಿಗೆ 24.5. ಈ ಸಲ ಅವಳು ಗುಂಡಿ ತಪ್ಪಲಿಲ್ಲ. ಒಂದನ್ನು 0.254ರಿಂದ ಭಾಗಿಸಿ, ಟ್ಯಾನ್ ಮೇಲಿನ ಮೈನಸ್ ಒಂದು ಒತ್ತಿದಳು, 1.3221. ತನ್ನದಕ್ಕೂ ಹಾಗೇ ಮಾಡಿದಳು, 1.3305. ವ್ಯತ್ಯಾಸ 0.0084. 48ನ್ನು ಅದರಿಂದ ಭಾಗಿಸಿದಳು. ಭೂಮಿಯ ತ್ರಿಜ್ಯ ಸುಮಾರು 5,700 ಕಿಲೋಮೀಟರ್ ಬಂತು. ಇರಬೇಕಾದದ್ದು 6,371.

"ಆರುನೂರು ಕಿಲೋಮೀಟರ್ ಹೋಯ್ತಲ್ಲ ಮಾಮ" ಎಂದಳು. ಒಂದೇ ಒಂದು ಮಿಲಿಮೀಟರ್, ಅಷ್ಟೇ ತಪ್ಪಿದ್ದು ಎಂದು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೋಲು ಮೂರು ಮೀಟರ್ ಇದ್ದರೆ ಅದೇ ತಪ್ಪು ಮೂರನೇ ಒಂದು ಪಾಲಾಗುತ್ತದೆ ಎಂದು ತಾನೇ ಲೆಕ್ಕ ಹಾಕಿದಳು. ಸೆಪ್ಟೆಂಬರ್ 23ಕ್ಕೆ ಮತ್ತೆ ಹಗಲು ರಾತ್ರಿ ಸಮ. ಆಗ ನಡುಮಧ್ಯಾಹ್ನ 12.17ಕ್ಕೆ. ತೋಟದಲ್ಲಿ ನೆಟ್ಟಗಿರುವ ಎರಡು ಅಡಿಕೆ ದಬ್ಬೆ ಹುಡುಕಿಡಬೇಕೆಂದು ಹೇಳಿದ್ದಾಳೆ. ಮೋಡ ಮುಚ್ಚದಿದ್ದರೆ ಸಾಕು.